ಮಾಡುವವಳನ್ನು ಹೇಳು

"ಗುರುಗಳೇ, ಗೆಳೆಯರ ಜೊತೆ ಕಡಲಾಚೆಯ ನಾಡಿಗೆ ಹೊರಟಿದ್ದೇನೆ. ಅಲ್ಲಿಯ ಊಟ ನನ್ನ ನಾಲಿಗೆಗೆ ಒಗ್ಗದು. ಹೋದಲ್ಲೆಲ್ಲ ನಮ್ಮ ಮನೆಯ ಅಡುಗೆಯೇ ಬೇಕೆಂದರೆ ತಪ್ಪೇನು?" ಎಂದು ಶಿಷ್ಯ ಮಲ್ಲಿನಾಥ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ, ಒಬ್ಬ ಕುದುರೆ ವ್ಯಾಪಾರಿ. ಇಬ್ಬರೂ ಚಿಕ್ಕಂದಿನಿಂದ ಗೆಳೆಯರು. ದೇಶ ನೋಡಿಬರೋಣವೆಂದು ಹಡಗು ಹತ್ತಿದರು. ಹೊರಡುವಾಗ ಬಟ್ಟೆ ವ್ಯಾಪಾರಿಯ ಹೆಂಡತಿ, "ಅಣ್ಣಾ, ಇವರನ್ನು ಜೋಪಾನವಾಗಿ ಕರಕೊಂಡು ಬನ್ನಿ" ಎಂದಳು. ಕುದುರೆ ವ್ಯಾಪಾರಿ ಮಾತು ಕೊಟ್ಟ.

ಅವರು ಇಳಿದ ಊರಿನಲ್ಲಿ ಆದರಕ್ಕೆ ಕೊರತೆಯಿರಲಿಲ್ಲ. ಒಬ್ಬ ಮುದುಕಿ ಇಬ್ಬರನ್ನೂ ಕೈಹಿಡಿದು ಮನೆಗೆ ಕರೆದೊಯ್ದಳು. ಆವಿಯಲ್ಲಿ ಬೆಂದ ಮೀನು, ಹುಳಿಹಣ್ಣಿನ ಗಂಜಿ, ಹೆಸರು ಗೊತ್ತಿಲ್ಲದ ಸೊಪ್ಪು ಬಡಿಸಿದಳು. ಕುದುರೆ ವ್ಯಾಪಾರಿ ಬೆರಳು ನೆಕ್ಕಿ ಉಂಡ. ಬಟ್ಟೆ ವ್ಯಾಪಾರಿ ಎರಡು ತುತ್ತಿಗೇ ಕೈ ತೊಳೆದ.

"ಏನೇ ಅನ್ನು, ನಮ್ಮ ಮನೆಯ ಸಾರಿನ ಮುಂದೆ ಇದೆಲ್ಲ ಸಪ್ಪೆ."

"ಮಾರಾಯ, ಸಮುದ್ರ ದಾಟಿ ಬಂದದ್ದು ಸಾರು ಹುಡುಕಲಿಕ್ಕಾ?" ಎಂದು ಗೆಳೆಯ ನಕ್ಕ.

ಮುದುಕಿ ನಗಲಿಲ್ಲ. "ನಾನು ಮಾಡಿಕೊಡುತ್ತೇನೆ" ಎಂದಳು.

"ಬೇಳೆ, ಹುಣಸೆ, ಆಮೇಲೆ..." ಎಂದು ಬಟ್ಟೆ ವ್ಯಾಪಾರಿ ಉತ್ಸಾಹದಿಂದ ಶುರುಮಾಡಿದ.

"ಅದೆಲ್ಲ ಬೇಡ. ಮಾಡುವವಳನ್ನು ಹೇಳು."

ಅವನು ಹೇಳಿದ. ಒಗ್ಗರಣೆ ಸಿಡಿಯುವಾಗ ಹೆಂಡತಿ ಮುಖ ಪಕ್ಕಕ್ಕೆ ತಿರುಗಿಸುವುದು, ಸೌಟಿನಿಂದ ಅಂಗೈಗೆ ಹನಿಸಿಕೊಂಡು ರುಚಿ ನೋಡುವುದು, ಉಪ್ಪು ಸಾಲದಿದ್ದರೆ ತನ್ನನ್ನೇ ತಾನು ಬೈದುಕೊಳ್ಳುವುದು. ಮುದುಕಿ ಕಣ್ಣುಮುಚ್ಚಿ ಕೇಳಿಸಿಕೊಂಡಳು.

ಮರುದಿನ ತಟ್ಟೆಗೆ ಸಾರು ಬಿತ್ತು. ಅದೇ ಬಣ್ಣ, ಅದೇ ಘಮ. ಬಟ್ಟೆ ವ್ಯಾಪಾರಿಯ ಕಣ್ಣಲ್ಲಿ ನೀರಾಡಿತು. ಮತ್ತೆ ಮತ್ತೆ ಬಡಿಸಿಕೊಂಡು ಉಂಡ.

"ನಿನ್ನ ಹೆಂಡತಿಗೆ ಹೇಳುತ್ತೇನೆ ತಾಳು, ಇನ್ನೊಬ್ಬಳ ಕೈಯಡುಗೆ ಉಂಡು ಕಣ್ಣೀರು ಹಾಕಿದೆಯೆಂದು" ಎಂದು ಗೆಳೆಯ ಛೇಡಿಸಿದ.

"ಯಾರ ಹೆಂಡತಿ?"

ತಮಾಷೆಯೆಂದುಕೊಂಡು ಕುದುರೆ ವ್ಯಾಪಾರಿ ನಕ್ಕ. ಎದುರಿನ ಮುಖದಲ್ಲಿ ನಗುವಿರಲಿಲ್ಲ.

ಆಮೇಲೆ ಬಟ್ಟೆ ವ್ಯಾಪಾರಿಗೆ ತಾಯಿಯ ಕೈಯ ರೊಟ್ಟಿ ಬೇಕಾಯಿತು. ತಾಯಿಯನ್ನು ಹೇಳಿದ, ರೊಟ್ಟಿ ಉಂಡ, ತಾಯಿ ಮರೆತುಹೋದಳು. ಅಕ್ಕನ ಉಪ್ಪಿನಕಾಯಿ ಬಂತು, ಅಕ್ಕ ಹೋದಳು.

ಕುದುರೆ ವ್ಯಾಪಾರಿಗೆ ದಿಗಿಲಾಯಿತು. ಊರಿನ ಬೀದಿಯಲ್ಲಿ ನಡೆದು ನೋಡಿದ. ಒಂದೊಂದು ಮನೆಯಿಂದ ಒಂದೊಂದು ದೇಶದ ಅಡುಗೆಯ ವಾಸನೆ ಬರುತ್ತಿತ್ತು. ಜನ ಎದುರು ಸಿಕ್ಕರೆ ನಗುತ್ತಿದ್ದರು, ಊಟಕ್ಕೆ ಕರೆಯುತ್ತಿದ್ದರು. ಆದರೆ ಆ ಊರಿನಲ್ಲಿ ಯಾರೂ ಯಾರನ್ನೂ ಅಮ್ಮ ಎನ್ನುತ್ತಿರಲಿಲ್ಲ, ಅಣ್ಣ ಎನ್ನುತ್ತಿರಲಿಲ್ಲ.

ಅವನು ಓಡೋಡಿ ಬಂದ. ಬಟ್ಟೆ ವ್ಯಾಪಾರಿ ಸುಟ್ಟ ಜೋಳದ ತೆನೆ ತಿನ್ನುತ್ತ ಕುಳಿತಿದ್ದ. ಹುಡುಗರಾಗಿದ್ದಾಗ ಹೊಲದ ಬದುವಿನಲ್ಲಿ ಕುದುರೆ ವ್ಯಾಪಾರಿ ಅವನಿಗೆ ಅಂಥದೇ ತೆನೆ ಸುಟ್ಟುಕೊಡುತ್ತಿದ್ದ.

"ಉಗುಳೋ ಅದನ್ನ! ಏಳು, ಹಡಗು ಹೊರಡುತ್ತಿದೆ. ಮನೆಯಲ್ಲಿ ಕಾಯುತ್ತಿದ್ದಾರೆ!"

ಬಟ್ಟೆ ವ್ಯಾಪಾರಿ ಕೊನೆಯ ಕಾಳನ್ನು ಅಗಿದು ನುಂಗಿದ. ಬಾಯಿ ಒರೆಸಿಕೊಂಡು, ಒಳ್ಳೆಯ ಮನೆಯವರು ಹೊಸಬರನ್ನು ಕಂಡಾಗ ಏಳುವಂತೆ ಎದ್ದು ನಿಂತ.

"ಬನ್ನಿ, ಬನ್ನಿ. ದೂರದಿಂದ ಬಂದಂತಿದೆ. ಊಟ ಮಾಡಿಕೊಂಡೇ ಹೋಗಬೇಕು." ಒಲೆಯ ಬಳಿಯಿದ್ದ ಸೌಟನ್ನು ಕೈಗೆತ್ತಿಕೊಂಡ. "ಹೇಳಿ, ನಿಮ್ಮ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?"

ಕುದುರೆ ವ್ಯಾಪಾರಿಯ ನಾಲಿಗೆಯ ತುದಿಗೆ ಒಂದು ಹೆಸರು ಬಂತು. ಬಾಯಿಗೆ ರುಮಾಲು ಒತ್ತಿಕೊಂಡು ಅವನು ಹಡಗಿನ ಕಡೆಗೆ ಓಡಿದ. ಕೊಟ್ಟ ಮಾತು ಅಲ್ಲಿಯೇ ಉಳಿಯಿತು.

ಗುರುಗಳು ಕತೆ ಮುಗಿಸಿದರು. ಮಲ್ಲಿನಾಥ ಮೆಲ್ಲಗೆ ಕೇಳಿದ: "ಆ ಮುದುಕಿ ಮಾಟಗಾತಿಯೇ, ಗುರುಗಳೇ?"

"ಪರರ ಪಂಕ್ತಿಯಲ್ಲಿ ಕೂರುವವನು ಹಸಿವನ್ನಷ್ಟೇ ಒಯ್ಯಬೇಕಪ್ಪಾ; ಅವನು ಮನೆಯನ್ನೇ ಒಯ್ದು ಬಡಿಸಿಕೊಂಡ."