ಬೆನ್ನ ಹಿಂದಿನ ಸೂರ್ಯ

ಏಳು ಗುಡ್ಡ ದಾಟಿದರೆ ಬೆಳಗೂರು ಅಂತ ಒಂದು ರಾಜ್ಯ ಇತ್ತಂತೆ. ಅಲ್ಲಿನ ದೊರೆಗಳಿಗೆ ಸೂರ್ಯನೇ ಮುತ್ತಜ್ಜ. ಮುತ್ತಜ್ಜ ಅಂದಮೇಲೆ ಬೆನ್ನಿಗೆ ನಿಂತು ಕಾಯಬೇಕಲ್ಲ? ಅದಕ್ಕೇ ದೊರೆ ಎಲ್ಲಿ ಕೂತರೂ ಸೂರ್ಯ ಬೆನ್ನ ಹಿಂದೆಯೇ ಇರಬೇಕು ಅನ್ನೋದು ಕಟ್ಟಳೆ. ಬೆಳಿಗ್ಗೆ ಸಿಂಹಾಸನ ಪಡುವಣಕ್ಕೆ ಮುಖಮಾಡಿ ಇಡೋರು, ಸಂಜೆ ಮೂಡಣಕ್ಕೆ ತಿರುಗಿಸೋರು. ಹೊರುವವರ ಸೊಂಟ ಬಿತ್ತು, ಕಟ್ಟಳೆ ಬೀಳಲಿಲ್ಲ.

ಅಲ್ಲಿಯ ಅರಸ ತೀರಿಕೊಂಡ. ಉಳಿದವಳು ಒಬ್ಬಳೇ ಮಗಳು ಹೊನ್ನಾಂಬೆ. ಪಟ್ಟ ಅವಳಿಗೇ ಆಗಬೇಕು. ಆದರೆ ಅವಳ ಸೋದರಮಾವ ದಿವಾನ ಭರಮಪ್ಪನಿಗೆ ಆ ಪಟ್ಟದ ಮೇಲೆಯೇ ಕಣ್ಣು. ಹೊಟ್ಟೆಯಲ್ಲಿ ಕಿಚ್ಚು, ಬಾಯಲ್ಲಿ ಬೆಲ್ಲ.

"ಮಗಳೇ, ಪಟ್ಣದಲ್ಲಿ ನಾನೊಂದು ಪಟ ತೆಗೆಸ್ಕೊಂಡು ಬಂದೆ. ಎಂಥಾ ಮಾಯ ಅಂತೀಯ! ನಿಂದೂ ತೆಗೆಸೋಣ. ಪಟ್ಟಕ್ಕೆ ಮುಂಚೆ ಜನ ನಿನ್ನ ಮುಖ ನೋಡ್ಲಿ" ಅಂದ.

ಮುಕ್ಕಾಲಿಯ ಮೇಲೊಂದು ಪೆಟ್ಟಿಗೆ, ಅದಕ್ಕೊಂದು ಕರಿ ಬಟ್ಟೆ ಹೊತ್ತುಕೊಂಡು ಪಟದ ಖಾಸಿಂಸಾಬ ಬಂದ.

ಮೊದಲನೇ ಸಲ ದಿವಾನ ಆನೆ, ಕುದುರೆ, ಗೋಪುರ ಎಲ್ಲವೂ ಪಟದಲ್ಲಿ ಬರಲಿ ಅಂದ. ಸಾಬ ಹಿಂದೆ ಹಿಂದೆ ಹೋದ. ಪಟದಲ್ಲಿ ಆನೆ ಬಂತು, ಹೊನ್ನಾಂಬೆ ಎಳ್ಳುಕಾಳಾದಳು.

ಎರಡನೇ ಸಲ ಸಾಬ ಹತ್ತಿರ ಬಂದ. ಸರಿಯಾಗಿ ಪಟ ತೆಗೆಯೋ ಗಳಿಗೆಗೇ ದಿವಾನ ಕಹಳೆ ಊದಿಸಿದ. ಹೊನ್ನಾಂಬೆ ಬೆಚ್ಚಿ ತಿರುಗಿದಳು. ಪಟದಲ್ಲಿ ಮುಖ ಕಲಸಿದ ಹಿಟ್ಟಾಗಿತ್ತು.

ಮೂರನೇ ಸಲ ಅವಳು ಉಸಿರು ಬಿಗಿಹಿಡಿದು ಕಲ್ಲಾಗಿ ಕೂತಳು. ಪಟ ಬಂತು. ಸುತ್ತಲೂ ಬೆಳ್ಳಗೆ ಬೆಳಕು, ನಡುವೆ ಮುಖ ಮಾತ್ರ ಇದ್ದಿಲು!

"ಅಯ್ಯೋ, ಮುತ್ತಜ್ಜನೇ ಇವಳನ್ನ ಒಲ್ಲೆ ಅಂದ! ಪಾಪಿ ಮುಖಕ್ಕೇ ಹಿಂಗೆ ಮಸಿ ಹತ್ತೋದು" ಅಂತ ದಿವಾನ ಎದೆ ಬಡಿದುಕೊಂಡ. ಊರ ಹಿರಿಯರು ನಡುಗಿದರು. ನಾಳೆ ಇನ್ನೊಂದೇ ಪಟ. ಅದೂ ಕಪ್ಪಾದರೆ ಪಟ್ಟ ದಿವಾನನಿಗೆ ಅಂತ ತೀರ್ಮಾನವಾಯಿತು.

ಹೊನ್ನಾಂಬೆ ಅಳುತ್ತಾ ಕೋಣೆಗೆ ಬಂದಳು. ಸಾಬ ನಾಳೆಗೆ ಅಂತ ಇಟ್ಟುಹೋದ ಪೆಟ್ಟಿಗೆ ಅಲ್ಲೇ ಇತ್ತು. ಒಳಗೆ ಏನಿದೆಯೋ ನೋಡಿಯೇ ಬಿಡೋಣ ಅಂತ ಕರಿ ಬಟ್ಟೆಯೊಳಗೆ ತಲೆ ತೂರಿಸಿದಳು. ಅಬ್ಬಾ! ಅಂಗೈಯಗಲದ ಗಾಜಿನಲ್ಲಿ ಇಡೀ ಕೋಣೆ ತಲೆಕೆಳಗಾಗಿ ತೂಗುತ್ತಿತ್ತು. ಅವಳನ್ನು ಸಾಕಿದ ಪುಟ್ಟವ್ವ ಬಿಸಿಲು ತುಂಬಿದ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖವೂ ಇದ್ದಿಲು.

"ಪುಟ್ಟವ್ವ, ನೀನೂ ಪಾಪಿಯೇನೇ?"

"ಸರಿಹೋಯ್ತು, ಅಕ್ಕಿ ಆರಿಸೋಕೆ ಬಂದೋಳು ನಾನು" ಅಂತ ಅವಳು ಮೊರ ಹಿಡಿದು ಕಿಟಕಿಯ ಪಕ್ಕಕ್ಕೆ ಕೂತಳು. ಕೂತದ್ದೇ ತಡ, ಬೆಳಕು ಒಂದು ಕೆನ್ನೆಯಿಂದ ಹರಿದು ಮುಖವೆಲ್ಲ ತುಂಬಿತು. ಸುಕ್ಕು ಸುಕ್ಕೂ ಕಂಡಿತು, ಮೂಗುಬೊಟ್ಟು ಮಿನುಗಿತು. ದಿನಾ ಕಂಡ ಮುಖವನ್ನೇ ಹೊನ್ನಾಂಬೆ ಮೊದಲ ಸಲ ಕಂಡಳು. ಇಷ್ಟು ಚೆಂದವೇ ನಮ್ಮವ್ವ ಅಂದುಕೊಂಡಳು.

ಮರುದಿನ ಬೆಳಿಗ್ಗೆ ತುಂಬಿದ ಸಭೆಯಲ್ಲಿ ಹೊನ್ನಾಂಬೆ ಅಂದಳು, "ಮಾವ, ದೊಡ್ಡವರು ನೀವು. ಮುತ್ತಜ್ಜ ಒಪ್ಪಿದ ಮುಖ ಹೆಂಗಿರ್ತದೆ ಅಂತ ಮೊದಲು ನೀವೇ ತೋರಿಸಿ."

ದಿವಾನ ಹಿಗ್ಗಿ ಸಿಂಹಾಸನದ ಹತ್ತಿರ ಹೋಗಿ ಕೂರೋಕೆ ತಿರುಗಿದ. ಬೆನ್ನಿಗೆ ಬಿಸಿಲು ಚುರುಕ್ಕೆಂದಿತು. ಥಟ್ಟನೆ ನಿಂತ.

"ಇದನ್ನ ಆ ಕಡೆಗೆ ತಿರುಗಿಸ್ರೋ."

"ಯಾಕೆ ಮಾವ? ಮುತ್ತಜ್ಜ ಬೆನ್ನಿಗಿರೋದು ಕಟ್ಟಳೆ ಅಲ್ವಾ?"

"ಬೆನ್ನಿಗೆ ಬಿಸಿಲಿದ್ರೆ ಎಂಥೋನ ಮುಖನೂ ಕರ‍್ರಗೆ ಬರ್ತದೆ, ಅಷ್ಟೂ ತಿಳೀದಾ?" ಅಂದುಬಿಟ್ಟ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ಖಾಸಿಂಸಾಬ ಹೊನ್ನಾಂಬೆಯ ಕಾಲಿಗೆ ಬಿದ್ದ. "ನಿಜ ಹೇಳಿದ್ರೆ ತಲೆ ತೆಗೀತೀನಿ ಅಂದಿದ್ರು ದಿವಾನರು, ತಾಯೀ" ಅಂದ. ದಿವಾನ ಹೊತ್ತು ಏರುವ ಮೊದಲೇ ಗಡಿ ದಾಟಿದ.

"ಆದರೆ ಕಟ್ಟಳೆ?" ಅಂತ ಹಿರಿಯರು ತಲೆ ಕೆರೆದರು.

"ಮುತ್ತಜ್ಜ ಬೆನ್ನ ಹಿಂದೆಯೇ ನಿಂತಿರಬೇಕಾ? ಪಕ್ಕದಲ್ಲಿ ಕೂತು ಮೊಮ್ಮಗಳ ಕೆನ್ನೆ ಸವರಿದ್ರೆ ಬೇಡ ಅಂತೀರಾ?" ಅಂದಳು ಹೊನ್ನಾಂಬೆ.

ಅವಳು ಕಿಟಕಿಯ ಪಕ್ಕ ಕೂತಳು. ಸಾಬ ಹತ್ತಿರ ಬಂದ. ಅವಳು ಅಲುಗಲಿಲ್ಲ. ಆಮೇಲೆ ಕತ್ತಲೆ ಕೋಣೆಯಲ್ಲಿ, ಕೆಂಪು ದೀಪದ ಕೆಳಗೆ, ಮದ್ದು ಬೆರೆಸಿದ ನೀರಲ್ಲಿ ಅದ್ದಿದ ಬಿಳಿ ಕಾಗದವನ್ನು ಬಗ್ಗಿ ನೋಡಿದಳು. ಮೊದಲು ಓಲೆ ಮೂಡಿತು. ಆಮೇಲೆ ಕೆನ್ನೆ. ಆಮೇಲೆ ಎರಡು ಕಣ್ಣು ತೆರೆದು ಅವಳನ್ನೇ ನೋಡಿದವು. ಅವಳಿಗೆ ಮೈ ಜುಮ್ಮೆಂದಿತು, ಕೈ ತಾನಾಗಿ ಮುಗಿಯಿತು. ಹೊರಗೆ ಆ ಪಟ ಕಂಡ ಜನರೂ ಕೈ ಮುಗಿದರು.

ಕೇಳಿದಿರಾ ಮಕ್ಕಳೇ? ಪಟ ತೆಗೆಯೋರು ಹತ್ತಿರ ಹೋಗಿ, ಅಲುಗದೆ ನಿಂತು, ಬೆಳಕು ಎಲ್ಲಿಂದ ಬರ್ತಿದೆ ಅಂತ ಮೊದಲು ನೋಡಬೇಕು. ಪಟ ತೆಗೆಯದವರೂ ಅಷ್ಟೇ. ಬೆಳಕು ಎಲ್ಲಿದೆ ಅಂತ ನೋಡದೆ ಯಾರ ಮುಖವನ್ನೂ ಕಪ್ಪು ಅನ್ನಬಾರದು.