ದಬ್ಬಣ ಮತ್ತು ಚರ್ಮದ ಚೂರು

ಹನ್ನೆರಡು ವರ್ಷದ ಮೇಲೆ ತಿಪ್ಪೇಶಪ್ಪನವರಿಗೆ ಚರ್ಮ ಹೊಲಿಯುವ ಹಳೇ ಹುಚ್ಚು ಮತ್ತೆ ಹತ್ತಿತು. ಕನ್ನಡಕ ಇಡಲು ಪುಟ್ಟ ಚೀಲ ಮಾಡಲು ಕೂತರು. ಡಬ್ಬಿಯಿಂದ ಹೊರಬಂದ ದಬ್ಬಣಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಅಣ್ಣಾ, ಮೊದಲು ನನ್ನ ಮೇಲೆ ನಾಲ್ಕು ತೂತು ಹಾಕಿ ಮೊನೆ ಪಳಗಿಸಿಕೋ. ಚರ್ಮಕ್ಕೆ ಬಿದ್ದ ತೂತು ಮುಚ್ಚುವುದಿಲ್ಲ,” ಎಂದಿತು ಕತ್ತರಿಸಿ ಮಿಕ್ಕ ಚೂರು.

“ನನಗೇ ಪಾಠವೇ? ನಾನೇನು ನಿನ್ನೆ ಮೊನ್ನೆ ಕೆಲಸಕ್ಕಿಳಿದವನೇ?” ಎಂದು ದಬ್ಬಣ ಸೀದಾ ಒಳ್ಳೆಯ ಚರ್ಮಕ್ಕೇ ನುಗ್ಗಿತು. ಗೆರೆ ತಪ್ಪಿ, ಚೀಲದ ನಟ್ಟನಡುವೆ ತೂತು ಬಿತ್ತು.

ಇದ್ದದ್ದು ಅದೊಂದೇ ಚರ್ಮ. ತಿಪ್ಪೇಶಪ್ಪನವರು ತಲೆ ಕೆರೆದುಕೊಂಡು, ಚೂರನ್ನೇ ಎಲೆಯಾಕಾರಕ್ಕೆ ಕತ್ತರಿಸಿ ತೂತಿನ ಮೇಲಿಟ್ಟರು. ದಬ್ಬಣ ತಲೆ ತಗ್ಗಿಸಿಕೊಂಡು ಬಂತು.

“ಬಾ ಅಣ್ಣಾ,” ಎಂದಿತು ಚೂರು. “ಆಗ ಬಂದಿದ್ದರೆ ಹತ್ತು ಸಲ ತಪ್ಪಬಹುದಿತ್ತು. ಈಗ ಒಂದು ಸಲವೂ ತಪ್ಪುವ ಹಾಗಿಲ್ಲ.”