ಮುಂಬಾಗಿಲ ಒಡಪು

“ಗುರುಗಳೇ, ನನಗೆ ಗೊತ್ತಿರುವ ಒಬ್ಬ ಗಂಡಸು ಇನ್ನೊಬ್ಬ ಗಂಡಸಿನಲ್ಲಿ ಮನಸ್ಸಿಟ್ಟು ಅವನೊಡನೆಯೇ ಬಾಳಿದ್ದಾನೆ. ಯಾರಿಗೂ ಹೇಳಿಲ್ಲ. ಈಗ ತಲೆ ನೆರೆತಿದೆ. ನಿದ್ದೆ ಬರುವುದಿಲ್ಲ, ಜನರ ನಡುವೆ ಕೂರಲಾಗುವುದಿಲ್ಲ. ಈ ವಯಸ್ಸಿನಲ್ಲಿ ಹೇಳಿಕೊಂಡು ಅವನಿಗೆ ಆಗಬೇಕಾದ್ದೇನು?”

ಕೇಳಿದ ಶಿಷ್ಯನ ತಲೆಯೂ ನೆರೆತಿತ್ತು. ಅವನು ಎಂದಿನಂತೆ ಹೊಸ್ತಿಲ ಆಚೆಯೇ ನಿಂತಿದ್ದ. ಗುರುಗಳು ಕತೆ ಹೇಳಿದರು.

ನೇಯುವ ಹೆಂಗಸೊಬ್ಬಳಿದ್ದಳು. ನೂಲು ಸುತ್ತುವ ಇನ್ನೊಬ್ಬ ಹೆಂಗಸಿನ ಜೊತೆ ಒಂದೇ ಮನೆಯಲ್ಲಿ, ಒಂದೇ ಒಲೆಯ ಅಡಿಗೆ ಉಂಡು ಮುದುಕಿಯಾದಳು. ಊರಿನವರು ಅವರನ್ನು ಗೆಳತಿಯರು ಎಂದರು. ಅದಕ್ಕಿಂತ ಹೆಚ್ಚಿನದು ಅವರಿಬ್ಬರಿಗೆ ಮಾತ್ರ ಗೊತ್ತಿತ್ತು.

ಆ ಊರಲ್ಲಿ ಒಂದು ಪದ್ಧತಿ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹುಡುಗಿಯರು ಮುಂಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಬಂದ ಹೆಂಗಸು ಗಂಡನ ಹೆಸರನ್ನು ಒಡಪು ಕಟ್ಟಿ, ಪ್ರಾಸ ಕೂಡಿಸಿ ಹೇಳಬೇಕು. ಹೇಳಿದರೆ ಒಳಗೆ ಬಿಡುವರು. ಹೇಳಲು ಹೆಸರಿಲ್ಲದವರು ಹಿತ್ತಲಿನಿಂದ ಬಂದು ಅಡಿಗೆಮನೆ ಸೇರುವರು. ಇವರಿಬ್ಬರೂ ಹರೆಯದಿಂದ ಹಿತ್ತಲ ಬಾಗಿಲಿನವರೇ.

ವಯಸ್ಸಾದಂತೆ ನೇಯುವವಳಿಗೆ ಏನೋ ಆಯಿತು. ತೊಟ್ಟಿಲ ಮನೆಯಿಂದ ಬಂದ ಮೇಲೆ ಮಾತಾಡುತ್ತಿರಲಿಲ್ಲ, ಊಟ ಬಿಡುತ್ತಿದ್ದಳು. ನಿದ್ದೆ ಬಾರದೆ ಬೆಳಕು ಹರಿಯುವ ಮೊದಲೇ ಮಗ್ಗದ ಮುಂದೆ ಕೂರುತ್ತಿದ್ದಳು. ವೈದ್ಯರು ನಾಡಿ ಹಿಡಿದು, ರೋಗವೇನೂ ಇಲ್ಲ ಎಂದರು.

ಅವಳ ಕೈಯಲ್ಲಿ ನೇಯ್ಗೆ ಕಲಿತ ಹುಡುಗಿಯೊಬ್ಬಳು ಹೆತ್ತಳು. ತೊಟ್ಟಿಲಿಗೆ ಕರೆ ಬಂತು.

“ಈ ಸಲ ಮುಂದಿನ ಬಾಗಿಲಿಂದ ಹೋಗತೀನಿ” ಎಂದಳು ನೇಯುವವಳು.

“ಬ್ಯಾಡ ಮಾರಾಯ್ತಿ. ಊರು ನಗತೈತಿ” ಎಂದಳು ಗೆಳತಿ. ತಾನು ಹಿತ್ತಲಿನಿಂದಲೇ ಹೋಗಿ ಹೂರಣ ರುಬ್ಬಲು ಕೂತಳು.

ನೇಯುವವಳು ತಾನೇ ನೇಯ್ದ ಸೀರೆ ಉಟ್ಟು ಮುಂಬಾಗಿಲಿಗೆ ಬಂದಳು. ಹುಡುಗಿಯರು ಅವಳನ್ನು ನೋಡಿ ಸರಿದು ನಿಂತರು.

“ದಾರಿ ಬಿಡ್ರೇ, ಪಾಪ. ಅಕಿ ಯಾರ ಹೆಸರು ಹೇಳಬೇಕು?” ಎಂದಳು ಒಬ್ಬಳು.

“ಯಾಕ ಬಿಡತೀರಿ? ಅಡ್ಡ ನಿಲ್ಲರಿ. ನನ್ನೂ ಕೇಳ್ರಿ.”

ಹುಡುಗಿಯರು ಮುಖ ಮುಖ ನೋಡಿಕೊಂಡು ಮತ್ತೆ ಕೈಕೈ ಹಿಡಿದು ನಿಂತರು. ನೇಯುವವಳು ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದಳು:

“ಬಿಸಿ ರೊಟ್ಟಿ ನನಗಿಟ್ಟು, ಹರಕು ರೊಟ್ಟಿ ತನಗೆ,
ಕಾಶವ್ವನ ಹೆಸರ್ಹೇಳಿ ಬಂದೆ ನಿಮ್ಮ ಮನೆಗೆ.”

ಒಳಗೆ ರುಬ್ಬುಗುಂಡಿನ ಸದ್ದು ನಿಂತಿತು. ಪಡಸಾಲೆಯಲ್ಲಿದ್ದ ಇಬ್ಬರು ಹೆಂಗಸರು ಎದ್ದು ಹೊರಟೇ ಹೋದರು. ಉಳಿದವರು ಆ ಮನೆಯ ಹಿರಿಯಜ್ಜಿಯ ಮುಖ ನೋಡಿದರು. ಅಜ್ಜಿ ಎಲೆ ಅಡಿಕೆ ಜಗಿಯುತ್ತಿದ್ದಳು. ಪೂರ್ತಿ ಜಗಿದಾದ ಮೇಲೆ ಬಾಯಿ ತೆರೆದಳು.

“ಒಡಪು ಗಿಡ್ಡಾತು. ಆ ಕಾಶವ್ವ ಎಲ್ಲಿ? ಅಕಿನೂ ಮುಂದಿನ ಬಾಗಿಲಿಂದ ಬರಲಿ. ಹಿತ್ತಲಿಂದ ಬಂದದ್ದು ಬಂದಂಗಲ್ಲ.”

ಕಾಶವ್ವ ಮನೆ ಸುತ್ತಿ ಓಡಿ ಬಂದಳು. ಎರಡೂ ಕೈಗೆ ಹೂರಣ ಮೆತ್ತಿತ್ತು. ಬೇಡವೆಂದಿದ್ದವಳು ಅವಳೇ. ಹುಡುಗಿಯರು ಅಡ್ಡ ನಿಲ್ಲುವ ಮೊದಲೇ ಒಡಪು ಶುರುಮಾಡಿದಳು. ಅದು ಉದ್ದವಾಗಿತ್ತು. ಎಲ್ಲೂ ತಡವರಿಸಲಿಲ್ಲ, ಪ್ರಾಸ ತಪ್ಪಲಿಲ್ಲ. ಕೊನೆಗೆ ನೇಯುವವಳ ಹೆಸರು ಬಂತು. ನಿಂತಲ್ಲಿ ಕಟ್ಟಿದ ಒಡಪು ಅದಲ್ಲವೆಂದು ಅಲ್ಲಿದ್ದವರಿಗೆಲ್ಲ ತಿಳಿಯಿತು. ಬಾಣಂತಿ ಎದ್ದು ಬಂದು ಕೂಸನ್ನು ಇಬ್ಬರ ತೋಳಿಗೂ ಕೂಡಿಸಿ ಕೊಟ್ಟಳು. ಕೂಸಿನ ಕುಲಾವಿಗೆಲ್ಲ ಹೂರಣವಾಯಿತು.

ಮರುದಿನ ಬಿಸಿಲೇರಿದರೂ ಆ ಮನೆಯಿಂದ ಮಗ್ಗದ ಸದ್ದು ಬರಲಿಲ್ಲ. ನೆರೆಯವರು ಗಾಬರಿಯಾಗಿ ಬಾಗಿಲು ಬಡಿದರು. ನೇಯುವವಳು ಕಣ್ಣುಜ್ಜಿಕೊಳ್ಳುತ್ತ ಬಂದು, ನಿದ್ದೆ ಹತ್ತಿತ್ತು ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೈಮುಗಿದು, “ಆ ಪರಿಚಯದವನಿಗೆ ಈ ಕತೆ ಹೇಳುತ್ತೇನೆ” ಎಂದು ಹೊರಡಲು ತಿರುಗಿದ.

ಗುರುಗಳು ತಮ್ಮ ಪಕ್ಕದ ಚಾಪೆಯನ್ನು ಬಿಡಿಸಿ ಹಾಸಿದರು.

“ಹೆಸರು ಹೇಳಿ ಒಳಗೆ ಬಾ.”